ಬೆನ್ನು ಎಂದವನು

ದುಂಡಪ್ಪ ಮೊದಲ ಸಲ ಮನೆ ಬಿಟ್ಟು ನಡೆದದ್ದು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಆಗ ಅವನಿಗೆ ಹನ್ನೆರಡು ವರ್ಷ. ಆ ವಯಸ್ಸಿನಲ್ಲೂ ಅವನ ಹಾಸಿಗೆ ಒದ್ದೆಯಾಗುತ್ತಿತ್ತು. ಹಬ್ಬಕ್ಕೆ ಬಂದಿದ್ದ ಅಕ್ಕನ ಗಂಡ ಹಿತ್ತಲ ಹಗ್ಗದ ಮೇಲೆ ಒಣಹಾಕಿದ್ದ ಕೌದಿಯನ್ನು ನೋಡಿದ. "ಏನಲೇ ದುಂಡ್ಯಾ, ಈ ಸಲ ಮಳಿ ನಿನ್ನ ಕೌದಿ ಮ್ಯಾಲ ಅಷ್ಟ ಆಗ್ಯದೇನು?" ಎಂದ. ಅಂಗಳದಲ್ಲಿ ಕುಳಿತವರೆಲ್ಲ ನಕ್ಕರು. ದುಂಡಪ್ಪ ಪಾಟಿಯನ್ನು ಹೊಸ್ತಿಲ ಮೇಲಿಟ್ಟು ನಡೆದೇಬಿಟ್ಟ. ಶಾಲೆ ಅಲ್ಲಿಗೇ ಮುಗಿಯಿತು.

ಆಮೇಲೆ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಇಟ್ಟಿಗೆ ಭಟ್ಟಿ, ಲಾರಿಯ ಹಮಾಲಿ, ಕಬ್ಬು ಕಡಿಯುವ ಗ್ಯಾಂಗು, ನಾಟಕ ಕಂಪನಿಯಲ್ಲಿ ಪರದೆ ಎಳೆಯುವ ಕೆಲಸ. ಊರು ಬಿಡಲು ಅವನಿಗೆ ಜಗಳವೇ ಆಗಬೇಕೆಂದಿರಲಿಲ್ಲ. ಯಾರಾದರೂ ಹತ್ತಿರ ಕುಳಿತು "ಏನಾಗ್ಯದೋ ನಿನಗ?" ಎಂದು ಕೇಳಿದರೆ ಸಾಕು, ಮರುದಿನ ಅವನ ಜಾಗ ಖಾಲಿ.

ಐವತ್ತೇಳನೆಯ ವರ್ಷದಲ್ಲಿ ಅವನು ಕೆರೆ ದಂಡೆಯ ಪ್ರಕೃತಿ ಚಿಕಿತ್ಸೆಯ ಮನೆಗೆ ಬಂದ. ಅಲ್ಲಿ ಮಾತ್ರೆ ಇಲ್ಲ, ಸೂಜಿ ಇಲ್ಲ. ಮಣ್ಣು, ನೀರು, ಬಿಸಿಲು, ಉಪವಾಸ, ಇಷ್ಟೇ. ಅದನ್ನು ನಡೆಸುತ್ತಿದ್ದ ಹಿರಿಯರನ್ನು ಜನ ಮಣ್ಣಜ್ಜ ಎಂದು ಕರೆಯುತ್ತಿದ್ದರು. ಬಂದವರನ್ನು ಒಬ್ಬೊಬ್ಬರಾಗಿ ಸಣ್ಣ ಕೋಣೆಗೆ ಕರೆದು, ಬಾಗಿಲು ಹಾಕಿ, ಎಲ್ಲಿ ನೋವು ಎಂದು ಕೇಳುವುದು ಅವರ ರೂಢಿ.

ದುಂಡಪ್ಪ ಬೆನ್ನು ಎಂದ.

ಅಜ್ಜ ಅವನ ಮುಖ ನೋಡಿದರು. "ಬೆನ್ನೇ?"

"ಬೆನ್ನರೀ."

ಬೆನ್ನಿಗೆ ಮಣ್ಣಿನ ಪಟ್ಟಿ ಬಿತ್ತು. ಕುಡಿಯಲು ಬಾರ್ಲಿ ನೀರು, ಬೂದುಗುಂಬಳದ ರಸ. ದುಂಡಪ್ಪ ಸುಮ್ಮನೆ ಮಲಗುವವನಲ್ಲ. ಹುತ್ತದ ಮಣ್ಣು ತಂದು ಜರಡಿ ಹಿಡಿಯುವ ಕೆಲಸವನ್ನು ತಾನೇ ಎಳೆದುಕೊಂಡ. ಎರಡು ತಿಂಗಳಲ್ಲಿ ರೋಗಿ ಹೋಗಿ ಶಿಷ್ಯನಾದ. ಯಾವ ಮಣ್ಣು ತಂಪು, ಯಾವ ಮಣ್ಣು ಸುಡುತ್ತದೆ ಎಂದು ಅವನ ಬೆರಳಿಗೆ ತಿಳಿಯಿತು.

ಬೆನ್ನು ಪೂರ್ತಿ ಸುಳ್ಳಲ್ಲ. ಆದರೆ ಅವನನ್ನು ಇಲ್ಲಿಗೆ ತಂದದ್ದು ಬೆನ್ನಲ್ಲ. ವರ್ಷದಿಂದ ಮೂತ್ರ ಹನಿ ಹನಿಯಾಗಿ ಬರುತ್ತಿತ್ತು. ಈಗ ಹತ್ತು ದಿನದಿಂದ ಅದರಲ್ಲಿ ಕೆಂಪು ಕಾಣುತ್ತಿತ್ತು. ಪಂಚೆಗೂ ಕಲೆ ಹತ್ತಿತ್ತು. ಬಟ್ಟೆ ಒಗೆಯುವ ಸಾಬವ್ವ ಅದನ್ನು ಹಿಡಿದು, "ಇದೇನೋ ಯಪ್ಪಾ, ಕೆಂಪು?" ಎಂದು ಕೇಳಿದಳು. ಬೀಟ್‌ರೂಟ್ ರಸ ಚೆಲ್ಲಿತು ಎಂದ. ರಕ್ತ ಕಡಿಮೆಯಾದವರಿಗೆ ಆ ಮನೆಯಲ್ಲಿ ಬೆಳಿಗ್ಗೆ ಬೀಟ್‌ರೂಟ್ ರಸ ಕೊಡುವುದಿತ್ತು. ಮಾತು ನಂಬುವಂತೆಯೇ ಇತ್ತು.

ಒಂದು ಮಂಗಳವಾರ ಒಬ್ಬ ರೋಗಿ ಊರುಗೋಲನ್ನು ಬೇವಿನ ಮರಕ್ಕೆ ಒರಗಿಸಿ, ನಡೆದುಕೊಂಡೇ ಊರಿಗೆ ಹೋದ. ಅದೇ ದಿನ ಇನ್ನೊಬ್ಬನನ್ನು ಮನೆಯವರು ಟೆಂಪೋದಲ್ಲಿ ಮಲಗಿಸಿಕೊಂಡು ಹೋದರು. ದುಂಡಪ್ಪ ಟೆಂಪೋದ ಧೂಳು ಇಳಿಯುವವರೆಗೆ ನೋಡಿದ. ಆಮೇಲೆ ಮಣ್ಣಜ್ಜನ ಎದುರು ಬಂದು ಕುಳಿತ.

"ಅಜ್ಜಾರ, ಒಂದೇ ಮಣ್ಣು, ಒಂದೇ ನೀರು. ಒಬ್ಬ ಎದ್ದು ಹೋಗ್ತಾನ, ಒಬ್ಬ ಏಳೂದೇ ಇಲ್ಲ. ಯಾಕರೀ?"

ಮಣ್ಣಜ್ಜ ಕೈಯ ಮಣ್ಣು ಝಾಡಿಸಿಕೊಂಡು ಹೇಳತೊಡಗಿದರು.

ಒಬ್ಬ ಬಾವಿಯವನಿದ್ದ. ಹೂಳು ತುಂಬಿದ ಬಾವಿಗೆ ಇಳಿದು, ಕೆಸರು ತೆಗೆದು, ಸೆಲೆ ಬಿಡಿಸುವುದು ಅವನ ಕಸುಬು. ಮೇಲೆ ನಿಂತವರು ಸೆಲೆ ಬತ್ತಿರಬೇಕು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. "ಇಳದು ಕೈಯಾಡಸೂ ತನಕ ಯಾವ ಸೆಲಿನೂ ಸತ್ತಿಲ್ಲ" ಎನ್ನುತ್ತಿದ್ದ.

ಐವತ್ತು ದಾಟಿದ ಮೇಲೆ ಅವನಿಗೆ ಮೂತ್ರ ಕಟ್ಟತೊಡಗಿತು. ಹೋದರೂ ಪೂರ್ತಿ ಹೋಗದು. ಮತ್ತೆ ಮತ್ತೆ ಹೋಗಬೇಕು. ಬಾವಿಗೆ ಇಳಿದವನು ಗಳಿಗೆಗೊಮ್ಮೆ ಮೇಲೆ ಬಂದರೆ ಹಗ್ಗ ಹಿಡಿದವರು ನಗುತ್ತಾರೆ. ಅದಕ್ಕೆ ಅವನು ಒಂದು ಉಪಾಯ ಮಾಡಿದ. ನೀರು ಕುಡಿಯುವುದನ್ನೇ ಬಿಟ್ಟ. ಹತ್ತೂರಿಗೆ ನೀರು ತೋರಿಸಿದವನು ಒಣ ನಾಲಿಗೆಯಲ್ಲಿ ಬಾವಿಗೆ ಇಳಿಯುತ್ತಿದ್ದ.

ಕೊನೆಗೆ ತಡೆಯಲಾರದೆ ಒಬ್ಬ ವೈದ್ಯನ ಬಳಿಗೆ ಹೋದ. ಅವನೂ ಮಣ್ಣು ನೀರಿನ ವೈದ್ಯನೇ. ಗಂಡಸರನ್ನು ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಒಬ್ಬೊಬ್ಬನ ಬೇನೆಯನ್ನು ಎಲ್ಲರೆದುರೇ ಕೇಳುವುದು ಅವನ ಪದ್ಧತಿ. ಬೇನೆಗೆ ನಾಚಿಕೆ ಯಾಕೆ ಎಂಬುದು ಅವನ ವಾದ. ಹಾಗೆ ಕೇಳಿದರೆ ಗಂಡಸರು ಹೇಳುತ್ತಿದ್ದ ಬೇನೆ ಮೂರೇ. ಗ್ಯಾಸು, ಬೆನ್ನು, ನಿಶ್ಶಕ್ತಿ. ಮಕ್ಕಳಾಗದವನೂ ಗ್ಯಾಸು ಎನ್ನುತ್ತಿದ್ದ. ಹೆಂಡತಿಯ ಮಗ್ಗುಲಿಗೆ ಹೋಗಲು ಹೆದರುವವನು ನಿಶ್ಶಕ್ತಿ ಎನ್ನುತ್ತಿದ್ದ. ವೈದ್ಯನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಸಾಲು ಮುರಿಯಲಿಲ್ಲ.

ಬಾವಿಯವನು ಕಟ್ಟೆಯ ಮೇಲೆ ಕುಳಿತು ಪಕ್ಕಕ್ಕೆ ನೋಡಿದರೆ, ಅಲ್ಲಿ ಅವನ ಬೀಗ, ಮಗಳ ಮಾವ.

"ಏನ್ರೀ ಬೀಗರ, ನೀವೂ ಇಲ್ಲೇ? ಕಲ್ಲಿನಂಥಾ ಮನುಷ್ಯಾರಿಗೆ ಏನಾತು?"

"ಏನಿಲ್ರೀ, ಬೆನ್ನು. ಬಗ್ಗಿ ಬಗ್ಗಿ ಹಿಡಕೊಂಡದ. ನಿಮಗ?"

"ನಂದು ಬರೇ ಗ್ಯಾಸು. ನಿಮ್ಮ ಮಗಳ ಅಡಿಗಿ ಭಾಳ ರುಚಿ ನೋಡ್ರಿ!"

ಇಬ್ಬರೂ ನಕ್ಕರು. ವೈದ್ಯನೂ ನಕ್ಕ.

ಬೆನ್ನು ಎಂದವನ ಬೆನ್ನಿಗೆ ಮಣ್ಣು ಹಾಕಿದರು. ದಿನವೂ ಬಿಸಿನೀರಿನ ತೊಟ್ಟಿಯಲ್ಲಿ ಸೊಂಟದವರೆಗೆ ಕೂರಿಸಿದರು. ತೊಟ್ಟಿಯಲ್ಲಿ ಕುಳಿತಾಗ ಕಟ್ಟಿದ್ದು ಸ್ವಲ್ಪ ಬಿಡುತ್ತಿತ್ತು. ಬಾವಿಯವನಿಗೆ ಅದೇ ದೊಡ್ಡ ಸಂತೋಷ. ಹೇಳದೆಯೇ ವಾಸಿಯಾಗುತ್ತಿದೆ ಎಂದುಕೊಂಡ. ವೈದ್ಯ ತನ್ನ ಮಣ್ಣಿನ ಗುಣವನ್ನು ಬಂದವರಿಗೆಲ್ಲ ಹೊಗಳಿದ.

ರಕ್ತ ಕಡಿಮೆ ಇದೆ ಎಂದು ಅವನಿಗೆ ಬೆಳಿಗ್ಗೆ ಬೀಟ್‌ರೂಟ್ ರಸ ಕೊಡುತ್ತಿದ್ದರು. ಇದನ್ನು ಕುಡಿದರೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದು ವೈದ್ಯ ಮೊದಲೇ ಹೇಳಿದ್ದ. ಕೆಲವು ದಿನಕ್ಕೆ ಕೆಂಪಾಯಿತು. ಬಾವಿಯವನು ಹೆದರಲಿಲ್ಲ. ಆಮೇಲೆ ಉಪವಾಸದ ವಾರ ಬಂತು. ಏಳು ದಿನ ಬರೀ ನೀರು. ರಸ ನಿಂತಿತು. ಕೆಂಪು ನಿಲ್ಲಲಿಲ್ಲ.

ಏಳನೆಯ ದಿನ ಬಾವಿಯವನಿಗೆ ಎಲ್ಲ ತಿಳಿಯಿತು. ಜನ್ಮವಿಡೀ ನೀರಿನ ಬಣ್ಣ ನೋಡಿ ತಳದಲ್ಲಿ ಏನಿದೆ ಎಂದು ಹೇಳಿದ ಕಣ್ಣು ಅದು. ಅಂದು ವೈದ್ಯ ಬಂದು, ಹೇಗಿದೆ ಎಂದು ಕೇಳಿದ. ಬಾವಿಯವನು ಬೆನ್ನು ಹಗುರಾಗಿದೆ ಎಂದ.

ಎಂಟನೆಯ ದಿನ ಉಪವಾಸ ಮುಗಿಯಿತು. ಏನು ಕೊಡಲಿ ಎಂದು ಅಡಿಗೆಯವಳು ಕೇಳಿದಳು. ಅವನು ತಾನಾಗಿಯೇ ಬೀಟ್‌ರೂಟ್ ರಸ ಕೇಳಿ ಕುಡಿದ. ಆ ಕೆಂಪಿಗೆ ಒಂದು ಹೆಸರು ಬೇಕಾಗಿತ್ತು.

ಆಮೇಲೆ ನಾಲ್ಕು ತಿಂಗಳು. ಒಂದು ದಿನ ಅವನನ್ನು ಎತ್ತಿಕೊಂಡು ಪಟ್ಟಣದ ದೊಡ್ಡ ಆಸ್ಪತ್ರೆಗೆ ಒಯ್ದರು. ವೈದ್ಯನೂ ಜೊತೆಗೆ ಹೋದ. ಅಲ್ಲಿಯ ಡಾಕ್ಟರು ಯಾರನ್ನೂ ಬಯ್ಯಲಿಲ್ಲ. ಕೆಂಪು ಕಂಡ ದಿನವೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು, ಅಷ್ಟೇ. ಬೈದಿದ್ದರೆ ವೈದ್ಯನಿಗೆ ಹಗುರಾಗುತ್ತಿತ್ತು.

ಬಾವಿಯವನನ್ನು ಮಣ್ಣು ಮಾಡಿ ಬರುವಾಗ ಅವನ ಬೀಗ ದಾರಿಯಲ್ಲಿ ವೈದ್ಯನ ಕೈ ಹಿಡಿದುಕೊಂಡ. ಹಾಗೇ ಬಹಳ ದೂರ ನಡೆದ. ಕಡೆಗೆ, "ನಂದೂ ಗ್ಯಾಸಲ್ಲರೀ" ಎಂದ. ವೈದ್ಯ ಅವನನ್ನು ಮನೆಗೆ ಹೋಗಲು ಬಿಡದೆ ಅಲ್ಲಿಂದಲೇ ಆಸ್ಪತ್ರೆಗೆ ಕರೆದೊಯ್ದ. ಆ ಬೀಗ ಈಗಲೂ ಇದ್ದಾನೆ. ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಾನೆ.

ವೈದ್ಯ ಊರಿಗೆ ಮರಳಿ ಕಟ್ಟೆ ಒಡೆಸಿದ. ಅದೇ ಕಲ್ಲಿನಿಂದ ಒಂದು ಸಣ್ಣ ಕೋಣೆ ಕಟ್ಟಿಸಿ ಬಾಗಿಲು ಇಡಿಸಿದ. ಇನ್ನು ಮೇಲೆ ಯಾರೂ ಯಾರೆದುರೂ ಹೇಳಬೇಕಾಗಿಲ್ಲ ಎಂದುಕೊಂಡ. ಒಬ್ಬೊಬ್ಬನನ್ನೇ ಕರೆದು, ಬಾಗಿಲು ಹಾಕಿ ಕೇಳಿದ. ಬಾಗಿಲು ಹಾಕಿದ ಮೇಲೂ ಅವರು ಬೆನ್ನು ಎಂದರು.

ಮಣ್ಣಜ್ಜ ಅಲ್ಲಿಗೆ ನಿಲ್ಲಿಸಿದರು.

ದುಂಡಪ್ಪನ ಕಣ್ಣು ಅಂಗಳದಾಚೆಯ ಸಣ್ಣ ಕೋಣೆಯ ಮೇಲೆ ಹೋಯಿತು. ಅದರ ಗೋಡೆಯಲ್ಲಿ ಒಂದು ಕಲ್ಲು, ಜನ ಕುಳಿತು ಕುಳಿತು ನುಣುಪಾದ ಕಲ್ಲು, ಅಡ್ಡವಾಗಿ ಕೂತಿತ್ತು. ಎರಡು ತಿಂಗಳಿಂದ ನೋಡುತ್ತಿದ್ದ. ಯಾಕೆ ನುಣುಪು ಎಂದು ಕೇಳಿರಲಿಲ್ಲ. ಅವನ ನಾಲಿಗೆಯ ತುದಿಗೆ ಏನೋ ಬಂತು. ಬಂದದ್ದು ಹಿತ್ತಲ ಹಗ್ಗ, ಹಗ್ಗದ ಮೇಲಿನ ಕೌದಿ, ಅಂಗಳದ ತುಂಬ ನಗು. ಅವನು ಅದನ್ನು ನುಂಗಿದ.

"ಕತಿ ಚಲೋ ಅದ, ಅಜ್ಜಾರ," ಎಂದು ಎದ್ದ.

ಜರಡಿಯನ್ನು ತೊಳೆದು ಗೋಡೆಗೆ ಒರಗಿಸಿದ. ತಾನು ಮಲಗುವ ಪಡಸಾಲೆಗೆ ಹೋಗಿ ಚೀಲ ತೆಗೆದ. ಒಂದು ಅಂಗಿ, ಒಂದು ಲೋಟ, ಬಾಚಣಿಗೆ. ಹೊರಗೆ ಹೋಗಿ ಹಗ್ಗದ ಮೇಲಿನ ಪಂಚೆಯನ್ನು ಎಳೆದುಕೊಂಡು ಬಂದ. ಅದಿನ್ನೂ ಒಣಗಿರಲಿಲ್ಲ. ಸಾಬವ್ವ ಎಷ್ಟು ಉಜ್ಜಿದ್ದರೂ ಕಲೆ ಹೋಗಿರಲಿಲ್ಲ.

ಮಣ್ಣಜ್ಜ ಬಂದು ಬಾಗಿಲಲ್ಲಿ ನಿಂತರು.

"ಎಲ್ಲಿಗೋ?"

"ಕಬ್ಬಿನ ಸುಗ್ಗಿ ಸುರು ಆಗ್ಯದಂತರೀ. ಗ್ಯಾಂಗಿನವರು ಕಾಯ್ತಿರ್ತಾರ. ಬೆನ್ನೂ ಆರಾಮಾತು."

ಮಣ್ಣಜ್ಜ ಸ್ವಲ್ಪ ಹೊತ್ತು ಅವನ ಕೈಯಲ್ಲಿದ್ದ ಪಂಚೆಯನ್ನು ನೋಡಿದರು.

"ದುಂಡಪ್ಪ, ಸಾಬವ್ವ ಹೇಳ್ಯಾಳ. ಈ ಮನ್ಯಾಗ ನಿನಗ ಯಾರೂ ಬೀಟ್‌ರೂಟ್ ರಸ ಕೊಟ್ಟೇ ಇಲ್ಲ."

ದುಂಡಪ್ಪ ಒದ್ದೆ ಪಂಚೆಯನ್ನು ಚೀಲದ ತಳಕ್ಕೆ ತುರುಕಿ, ಚೀಲದ ಬಾಯಿ ಕಟ್ಟತೊಡಗಿದ.