ಪೈಲಟ್ ಬೆನ್ನಟ್ಟಿದ ಬೆಳಕು

"ಬುದ್ಧೀ, ಮಠದ ಕಾವಲಿಗೆ ಮಾದಪ್ಪ ತಕ್ಕವನೇ?" ಎಂದು ಶಿಷ್ಯ ಗುರುಸಿದ್ಧ ಕೇಳಿದ. "ನಿನ್ನೆ ಬೆಳಗ್ಗೆ ನಾನು ಹಿತ್ತಲು ಗುಡಿಸುತ್ತಿದ್ದೆ. ಇವನು 'ಹಿತ್ತಲ ಬಣವೆಗೆ ಬೆಂಕಿ' ಎಂದು ಕೂಗಿ ಊರನ್ನೇ ಕೂಡಿಸಿದ. ಜನ ಕೊಡ ಹೊತ್ತು ಓಡಿಬಂದರು. ನೋಡಿದರೆ, ಬಣವೆಯ ಹಿಂದಿನ ತಿಪ್ಪೆಯಿಂದ ಚಳಿಗೆ ಹೊಗೆಯಂತೆ ಹಬೆ ಏಳುತ್ತಿತ್ತು! ನಾವೆಲ್ಲ ಇನ್ನೂ ನಗುತ್ತಿದ್ದೇವೆ."

ಗುರುಗಳೂ ನಕ್ಕರು. ಆಮೇಲೆ ಈ ಕತೆ ಹೇಳಿದರು.

ಗಡಿಯ ಹತ್ತಿರದ ಒಂದು ಸೇನಾ ನೆಲೆಯಲ್ಲಿ ಒಬ್ಬ ಪೈಲಟ್ ಇದ್ದ. ಹಾರುವುದೆಂದರೆ ಅವನಿಗೆ ಪ್ರಾಣ. ಒಂದು ದಿನ ಬೆಳಗಿನ ಗಸ್ತಿನಲ್ಲಿ ಅವನಿಗೆ ಆಕಾಶದಲ್ಲಿ ಏನೋ ಬೆಳ್ಳಗೆ ಹೊಳೆಯುವುದು ಕಂಡಿತು. ಬೆನ್ನಟ್ಟಿದ. ಎಷ್ಟು ವೇಗವಾಗಿ ಹೋದರೂ ಅದು ಅಷ್ಟೇ ದೂರದಲ್ಲಿತ್ತು. ನೆಲೆಯ ರಾಡಾರಿಗಂತೂ ಏನೂ ಸಿಗಲಿಲ್ಲ.

ಆ ನೆಲೆಯಲ್ಲಿ ಒಂದು ರೂಢಿಯಿತ್ತು. ಗುರುತು ಸಿಗದ ವಸ್ತು ಕಂಡಿತು ಎಂದವನನ್ನು ಮೊದಲು ಕಣ್ಣಿನ ಡಾಕ್ಟರ ಬಳಿಗೆ, ಆಮೇಲೆ ಮನಸ್ಸಿನ ಡಾಕ್ಟರ ಬಳಿಗೆ ಕಳಿಸುತ್ತಿದ್ದರು. ವಿಚಾರಣೆಯಲ್ಲಿ ಸೋತವನು ಮತ್ತೆ ವಿಮಾನ ಹತ್ತುವಂತಿರಲಿಲ್ಲ. ಹಾಗಾಗಿ ಜಾಣರು ಬಾಯಿ ಬಿಡುತ್ತಿರಲಿಲ್ಲ. ಇವನು ಬಿಟ್ಟ. "ಏನೆಂದು ಗೊತ್ತಿಲ್ಲ. ಕಂಡಿದ್ದು ಮಾತ್ರ ನಿಜ" ಎಂದ.

ವಿಚಾರಣೆಗೆ ದಪ್ಪ ಮೀಸೆಯ ಒಬ್ಬ ಅಧಿಕಾರಿ ಬಂದ. ಅದೇ ಗಸ್ತಿಗೆ ಹೋಗುತ್ತಿದ್ದ ಉಳಿದ ಪೈಲಟ್‌ಗಳನ್ನು ಕರೆದು, ನಿಮಗೂ ಏನಾದರೂ ಕಂಡಿತೇ ಎಂದು ಕೇಳಿದ.

"ಇಲ್ಲ ಸರ್, ಆಕಾಶ ಖಾಲಿ ಇತ್ತು" ಎಂದರು ಎಲ್ಲರೂ. ಅದನ್ನು ಕೇಳಿದ ಪೈಲಟ್ ತನ್ನ ಹಾರಾಟ ಮುಗಿಯಿತು ಎಂದುಕೊಂಡ.

ಆದರೆ ಅಧಿಕಾರಿ ಮರುದಿನ ಅದೇ ಹೊತ್ತಿಗೆ ಅವನ ವಿಮಾನದ ಹಿಂದಿನ ಸೀಟಿನಲ್ಲಿ ತಾನೇ ಕೂತು ಹೊರಟ. ಬೆಳಕು ಅಲ್ಲೇ ಇತ್ತು! "ಬಿಡಬೇಡ, ಹಿಡಿ ಅದನ್ನ!" ಎಂದು ಅಧಿಕಾರಿ ವಿಚಾರಣೆಯನ್ನೇ ಮರೆತು ಕೂಗಿದ. ಇಬ್ಬರೂ ಸೇರಿ ಬೆನ್ನಟ್ಟಿದರು. ಅಷ್ಟರಲ್ಲಿ ಸೂರ್ಯ ಹುಟ್ಟಿ ಮೇಲೇರಿದ. ಬೆಳಕು ಇದ್ದಲ್ಲೇ ಮಸುಕಾಗುತ್ತ ಬಂತು. ಅಧಿಕಾರಿ ಹಣೆ ಚಚ್ಚಿಕೊಂಡ. "ಅಯ್ಯೋ, ಇದು ಶುಕ್ರ ಕಣಯ್ಯಾ! ದಿನಾ ಮೂಡೋ ಬೆಳ್ಳಿ!" ಕಣ್ಣಲ್ಲಿ ನೀರು ಬರುವಷ್ಟು ಇಬ್ಬರೂ ನಕ್ಕರು.

ಕೆಳಗಿಳಿದ ಮೇಲೆ ಅಧಿಕಾರಿ ಎಲ್ಲರನ್ನೂ ಸೇರಿಸಿ ವಿಷಯ ಹೇಳಿದ. ಪೈಲಟ್‌ಗಳೂ ಬಿದ್ದು ಬಿದ್ದು ನಕ್ಕರು. "ಅದಾ ಸರ್? ನಮಗೂ ಎಷ್ಟೋ ದಿನದಿಂದ ಕಾಣ್ತಾ ಇದೆ. ಮೊದಲು ನಾವೂ ಬೆಚ್ಚಿಬಿದ್ದಿದ್ವಿ!"

ಅಧಿಕಾರಿ ನಗು ನಿಲ್ಲಿಸಿದ. "ಮತ್ತೆ ನಿನ್ನೆ ಆಕಾಶ ಖಾಲಿ ಅಂದಿರಿ. ನಾಳೆ ಶತ್ರುವಿನ ವಿಮಾನ ಬಂದರೂ ಹೀಗೇ ಅಂತೀರಾ?"

ಬೆಳಗಿನ ಗಸ್ತನ್ನು ಅವನು ಆ ಪೈಲಟ್‌ಗೇ ಒಪ್ಪಿಸಿದ. ಪೈಲಟ್‌ಗೆ ಆದ ಸಂತೋಷ ಹೇಳತೀರದು. ಉಳಿದವರನ್ನು ಅಧಿಕಾರಿ ಸಾಲಾಗಿ ನಿಲ್ಲಿಸಿ, ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದ.

ಗುರುಸಿದ್ಧ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ಮುಗಿಯುವತನಕ ಗುರುಗಳು ಕಾದರು. ಆಮೇಲೆ ಮೆಲ್ಲಗೆ ಕೇಳಿದರು:

"ನಿನ್ನೆ ಹಿತ್ತಲಲ್ಲಿ ಇದ್ದವನು ನೀನು, ಆ ಹೊಗೆ ಮಾದಪ್ಪನಿಗಿಂತ ಮೊದಲು ನಿನಗೇ ಕಂಡಿತ್ತಲ್ಲವೇ?"