ತಮಟೆ ಬಡಿಸದ ದೂರು

ಕೆಂಗುಡ್ಡದುರ್ಗದ ದೊರೆ ಮುದ್ದಪ್ಪನಾಯಕರಿಗೆ ದಿನಾ ಒಂದಿಷ್ಟು ಜಂಬ ಕೊಚ್ಚದಿದ್ರೆ ತಿಂದದ್ದು ಅರಗ್ತಿರಲಿಲ್ಲ. ಅವತ್ತೂ ಮೀಸೆ ತಿರುವ್ತಾ ಸಭೆಯನ್ನ ಕೇಳಿದ್ರು.

“ನಮ್ಮೂರಲ್ಲಿ ಪುಂಡಾಟ ಇದೆಯೇನ್ರಯ್ಯಾ?”

“ಎಲ್ಲಿಂದ ಬರಬೇಕು ಬುದ್ಧಿ!” ಅಂತು ಸಭೆ.

“ಒಂದು ದೂರಾದ್ರೂ ಬಂದಿದೆಯಾ?”

“ಉಹೂಂ!”

ಕಂಬಕ್ಕೆ ಒರಗಿದ್ದ ತಿಪ್ಪಯ್ಯ ದೊಡ್ಡದಾಗಿ ಆಕಳಿಸಿದ. ದೊರೆಯನ್ನ ನಗಿಸೋದು ಅವನ ಕೆಲಸ. ಆದ್ರೆ ಅವತ್ತು ಅವನಿಗೇ ನಗು ಬರ್ತಿರಲಿಲ್ಲ. ಅರಮನೆಗೆ ಬರೋ ದಾರೀಲಿ ಕುಂಬಾರಗೇರಿಯ ಸಣ್ಣೀರಮ್ಮ ಗಾಡಿಗೆ ಪಾತ್ರೆಪಗಡ ತುಂಬ್ತಾ ಇದ್ದದ್ದನ್ನ ನೋಡಿ ಬಂದಿದ್ದ.

“ಎಲ್ಲಿಗಮ್ಮಾ ಸವಾರಿ?” ಅಂತ ಕೇಳಿದ್ದಕ್ಕೆ, “ಮಡಕೆ ಉಳಿಯೋ ಊರಿಗೆ ಕಣಣ್ಣ” ಅಂದಿದ್ದಳು.

ರಾಣಿಯ ತಮ್ಮ ಚಿಕ್ಕರಂಗಪ್ಪ ದಿನಾ ಬೆಳಿಗ್ಗೆ ಗೆಳೆಯರನ್ನ ಕಟ್ಟಿಕೊಂಡು ಆ ಕೇರೀಲಿ ಕುದುರೆ ಓಡಿಸ್ತಿದ್ದ. ಒಣಗೋಕೆ ಇಟ್ಟ ಮಡಕೆಗಳ ಮೇಲೇ ಓಡಿಸಬೇಕು, ಯಾರು ಹೆಚ್ಚು ಒಡೀತಾರೋ ಅವರೇ ಗೆದ್ದಂಗೆ.

“ದೂರು ಕೊಡಬಾರದಾ?” ಅಂತ ತಿಪ್ಪಯ್ಯ ಅವಳನ್ನ ಕೇಳಿದ್ದ.

“ಕೊಡಬಹುದು. ಆಮೇಲೆ ತಮಟೆ ಬಡೀತಾರಲ್ಲ, ಅದಕ್ಕೇನು ಮಾಡ್ಲಿ?”

ಅದೊಂದು ಪದ್ಧತಿ. ಕದ್ದುಮುಚ್ಚಿ ಏನೂ ನಡೀಬಾರದು ಅಂತ ಖುದ್ದು ದೊರೇನೇ ಮಾಡಿದ್ದು. ಯಾರಾದ್ರೂ ದೂರು ಕೊಟ್ರೆ ಸಾಕು, ಇಂಥವರು ಇಂಥವರ ಮೇಲೆ ದೂರು ಕೊಟ್ಟಿದ್ದಾರೆ ಅಂತ ಕೇರಿ ಕೇರೀಲೂ ತಮಟೆ ಬಡಿದು ಸಾರ್ತಿದ್ರು. ಹಿಂದೆ ಗಾಣದ ಕರಿಯಣ್ಣ ಒಂದು ಸಲ ಧೈರ್ಯ ಮಾಡಿದ್ದ. ತಮಟೆ ನಿಲ್ಲೋದ್ರೊಳಗೆ ಅವನು ದೂರಿದವರ ಕಡೆಯವರು ಅವನ ಬಾಗಿಲಿಗೆ ತೊಲೆ ಮುಟ್ಟೋವಷ್ಟು ಸಗಣಿ ಗುಡ್ಡೆ ಹಾಕಿದ್ರು. ಪಾಪ, ಕಿಟಕಿಯಿಂದ ಇಳಿದು ಓಡಾಡಿದ. ಅದೇ ಕೊನೆ, ಆಮೇಲೆ ಯಾರೂ ಬಾಯಿ ಬಿಡಲಿಲ್ಲ.

“ನಾಳೆವರೆಗೂ ಎತ್ತು ಕಟ್ಟಬೇಡ ತಾಯಿ” ಅಂತ ತಿಪ್ಪಯ್ಯ ಕೈ ಮುಗಿದು ಬಂದಿದ್ದ.

“ಏನಯ್ಯಾ ಅದು ಆಕಳಿಕೆ?” ದೊರೆ ಗದರಿದ್ರು.

“ನಾಳೆ ಬೆಳಿಗ್ಗೆ ಒಂದು ಕಂಬಳಿ ಹೊದ್ದು ಕುಂಬಾರಗೇರಿಗೆ ಬನ್ನಿ ಬುದ್ಧಿ. ಪುಂಡಾಟ ಕಾಣದಿದ್ರೆ ನನ್ನ ಮೀಸೆ ಬೋಳಿಸಿ.”

“ಒಂದೇ ಕಡೆ ಬೋಳಿಸ್ತೀನಿ, ನೋಡ್ತಿರು!”

ಮಾರನೇ ದಿನ ದೊರೆ ಕಂಬಳಿ ಹೊದ್ದು ತಿಪ್ಪಯ್ಯನ ಜೊತೆ ಬಂದು, ಮಣ್ಣು ತುಳಿಯೋ ಗುಂಡಿ ಪಕ್ಕ ಕುಕ್ಕರುಗಾಲಲ್ಲಿ ಕೂತ್ರು. ಸ್ವಲ್ಪ ಹೊತ್ತಿಗೇ ಟಕಟಕ ಅಂತ ಕುದುರೆಗಳು ಬಂದ್ವು. ಫಟ್! ಫಟಾರ್! ಮಡಕೆ ಚೂರುಗಳು ಹಾರಿದ್ವು. ದೊರೆ ಧಿಗ್ಗನೆ ಎದ್ದು ಅಡ್ಡ ನಿಂತು, “ಏಯ್! ನಿಲ್ಲಿಸ್ರೋ!” ಅಂದ್ರು.

“ಅಡ್ಡ ಬರಬೇಡ ಮುದಿಗೂಬೆ!” ಅಂತ ಚಿಕ್ಕರಂಗಪ್ಪ ಕುದುರೇನ ನೇರ ಅವರ ಮೇಲೇ ನುಗ್ಗಿಸಿದ.

ದೊರೆ ಹಾರಿದ್ದು ಸೀದಾ ಗುಂಡಿಗೆ. ಪಚಕ್! ಕುದುರೆಗಳು ಹೋದ್ಮೇಲೆ ಎದ್ದು ನಿಂತಾಗ ಕಣ್ಣೆರಡು ಬಿಟ್ರೆ ಮಿಕ್ಕಿದ್ದೆಲ್ಲ ಜೇಡಿಮಣ್ಣು. ಸಣ್ಣೀರಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು.

“ತಿಪ್ಪಯ್ಯಾ! ಹಿಡಿಸು ಅವನನ್ನ! ಇದು ನನ್ನ ದೂರು!”

“ಅಪ್ಪಣೆ ಬುದ್ಧಿ. ಈಗಲೇ ತಮಟೆಯವನನ್ನ ಕರೀತೀನಿ. ಮಹಾಸ್ವಾಮಿಗಳು ತಮ್ಮ ಬಾಮೈದನ ಮೇಲೆ ದೂರು ಕೊಟ್ಟಿದ್ದಾರೆ, ಅವನು ಅವರನ್ನ ಮಣ್ಣಿನ ಗುಂಡಿಗೆ ಕೆಡವಿದ್ದಾನೆ, ಅಂತ ಸಾರಿಸ್ಲಾ? ಮೊದಲು ರಾಣಿಯಮ್ಮನ ಅಂತಃಪುರದ ಮುಂದೆ ಸಾರೋಕೆ ಹೇಳ್ತೀನಿ.”

“ಶ್! ಮೆತ್ತಗೆ ಮಾತಾಡೋ! ತಮಟೆ ಗಿಮಟೆ ಏನೂ ಬೇಡ.”

“ಹಾಗಾದ್ರೆ ದೂರೇ ಇಲ್ಲ ಅನ್ನಿ. ಬನ್ನಿ, ಮೈ ತೊಳ್ಕೊಂಡು ಸಭೆಗೆ ಹೋಗೋಣ.”

ದೊರೆ ಕಳ್ಳನ ಹಾಗೆ ಅರಮನೆ ಕಡೆ ತಿರುಗಿ ನೋಡಿದ್ರು.

“ಹಿಂದೆ ಸೈನ್ಯ ಇರೋ ನಿಮಗೇ ತಮಟೆ ಅಂದ್ರೆ ಭಯ,” ಅಂದ ತಿಪ್ಪಯ್ಯ. “ಈಯಮ್ಮನ ಹಿಂದೆ ಇರೋದು ಬರೀ ಮಡಕೆ.”

ದೊರೆ ಗಾಡಿ ಕಡೆ ನೋಡಿದ್ರು, ಸಣ್ಣೀರಮ್ಮನ ಕಡೆ ನೋಡಿದ್ರು. ಆಮೇಲೆ ಬಂದ ನಗು ಎಂಥದ್ದು ಅಂದ್ರೆ, ಮೀಸೆಯಿಂದ ಮಣ್ಣು ಉಂಡೆ ಉಂಡೆಯಾಗಿ ಉದುರ್ತು.

“ದೂರು ಕೊಟ್ಟವರ ಹೆಸರು ಇನ್ಮೇಲೆ ನನ್ನ ಕಿವಿ ದಾಟಲ್ಲ,” ಅಂದ್ರು. “ತಮಟೆ ಬಡಿಯೋದು ತಪ್ಪು ಮಾಡಿದವನ ಹೆಸರಿಗೆ ಮಾತ್ರ.”

ಸಂಜೆ ಹೊತ್ತಿಗೆ ಅರಮನೆ ಹಿಂಬಾಗಿಲಲ್ಲಿ ದೂರು ಹೇಳೋಕೆ ಊರಿಗೆ ಊರೇ ಸಾಲು ನಿಂತಿತ್ತು. ಚಿಕ್ಕರಂಗಪ್ಪ ಮತ್ತೆ ಅವನ ಗೆಳೆಯರು ಮುಂದಿನ ಮಳೆಗಾಲದವರೆಗೂ ಸಣ್ಣೀರಮ್ಮನಿಗೆ ಮಣ್ಣು ತುಳಿದುಕೊಡಬೇಕು ಅಂತ ತೀರ್ಪಾಯ್ತು. ಅವಳು ಗಾಡಿಯಿಂದ ಪಾತ್ರೆಪಗಡ ಇಳಿಸಿ, “ಹಿಮ್ಮಡಿ ಊರಿ ತುಳಿಯಪ್ಪಾ, ಕುಣೀಬೇಡ” ಅಂತ ಚಿಕ್ಕರಂಗಪ್ಪನಿಗೆ ಪಾಠ ಶುರು ಮಾಡಿದಳು.

ರಾತ್ರಿ ದೊರೆ ಊಟಕ್ಕೆ ಕೂತಾಗ ರಾಣಿ ಸೌಟು ಹಿಡಿದು ಬಂದ್ರು. ತಿಪ್ಪಯ್ಯನೂ ಪಂಕ್ತೀಲಿದ್ದ.

“ನನ್ನ ತಮ್ಮನ ಮೇಲೆ ಮೊದಲು ದೂರು ಹೇಳಿದ್ದು ಯಾರು? ತಿಪ್ಪಯ್ಯ, ನಿಂಗೆ ಗೊತ್ತಿರುತ್ತೆ. ಹೇಳು!”

ದೊರೆ ಎಲೆ ಮೇಲೇ ಬಗ್ಗಿ ಗಬಗಬ ಉಣ್ಣೋಕೆ ಶುರು ಮಾಡಿದ್ರು.

“ಹೆಸರು ಹೇಳೋ ಹಾಗಿಲ್ಲ ಅಮ್ಮಾವ್ರೇ, ರಾಜಾಜ್ಞೆ,” ಅಂದ ತಿಪ್ಪಯ್ಯ. “ಯಾರೋ ಪಾಪದ ಬಡಪಾಯಿ. ಹೆಸರು ಗೊತ್ತಾದ್ರೆ ಅವನ ಹೆಂಡ್ತಿ ಅವನಿಗೆ ಅನ್ನ ಹಾಕಲ್ಲ.”