ನಳಿಗೆಯ ಬಾಯಿ

“ಬುದ್ಧಿ, ಒಳಗನ್ನು ದಿನವೂ ತೊಳೆದುಕೊಳ್ಳುವವನ ಬಾಯಿಂದ ಕೆಟ್ಟ ಮಾತು ಹೇಗೆ ಹೊರಡುತ್ತದೆ?” ಎಂದು ಶಿಷ್ಯನು ಗುರುಗಳನ್ನು ಕೇಳಿದನು.

ಆ ಬೆಳಿಗ್ಗೆ ಅವನು ಪೂಜೆಗೆ ಕುಳಿತಿದ್ದಾಗ, ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ನೀರು ಕೇಳಿಕೊಂಡು ಮಠದ ಮೆಟ್ಟಿಲು ಹತ್ತಿದ್ದಳು. “ಪೂಜೆ ಕೆಡಿಸುವುದಕ್ಕೆ ಬಂದೆಯಾ?” ಎಂದು ಅವನು ಸಿಡುಕಿದ್ದನು. ಅವಳು ನೀರು ಕುಡಿಯದೆ ಇಳಿದು ಹೋಗಿದ್ದಳು. ಹನ್ನೊಂದು ವರ್ಷದ ಜಪ ಒಂದು ಮಾತಿಗೆ ಮಣ್ಣುಪಾಲಾಯಿತೆಂದು ಅವನಿಗೆ ಅನ್ನ ಇಳಿದಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಕಾಡಿನ ಅಂಚಿನ ಊರಿನಲ್ಲಿ ಒಬ್ಬ ಈಡುಗಾರನಿದ್ದನು. ಬೆಳೆಗೆ ನುಗ್ಗುವ ಹಂದಿಗಳಿಂದ ಊರನ್ನು ಕಾಯುವುದು ಅವನ ಕೆಲಸ. ಇಪ್ಪತ್ತು ವರ್ಷ ಅವನ ಗುರಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಕೋವಿಯನ್ನು ಅವನು ಕಣ್ಣಿನ ಹಾಗೆ ನೋಡಿಕೊಳ್ಳುತ್ತಿದ್ದನು. ಹೊಡೆದ ದಿನವೂ ಹೊಡೆಯದ ದಿನವೂ ಉದ್ದನೆಯ ಕಬ್ಬಿಣದ ಸರಳಿಗೆ ಬಟ್ಟೆ ಸುತ್ತಿ, ನಳಿಗೆಯೊಳಗೆ ನೂರು ಸಲ ಎಳೆದಾಡಿ ಒರೆಸುವನು. ಹಾಗೆ ಒರೆಸದೆ ಅವನು ಊಟಕ್ಕೆ ಕೂತವನಲ್ಲ.

ಒಂದು ದಿನ ಜೋಳದ ಹೊಲದಲ್ಲಿ ಹಂದಿಯೊಂದು ಅವನ ನೆರೆಯವನ ಮೇಲೆ ಏರಿ ಬಂತು. ಈಡುಗಾರನು ಇಪ್ಪತ್ತೇ ಮಾರು ದೂರದಲ್ಲಿದ್ದನು. ತಲೆಗೆ ಗುರಿಯಿಟ್ಟು ಹೊಡೆದನು. ಗುಂಡು ಹಂದಿಯ ಬೆನ್ನು ಸವರಿಕೊಂಡು ಹೋಯಿತು. ಕೆರಳಿದ ಹಂದಿ ನೆರೆಯವನ ತೊಡೆಯನ್ನು ಸೀಳಿ ಕಾಡು ಸೇರಿತು.

ನೆರೆಯವನು ಬದುಕಿದನು, ಆದರೆ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಅವನು ಈಡುಗಾರನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು ಎಂದು ಈಡುಗಾರನಿಗೆ ಅನ್ನಿಸಿತು.

ಅವನು ಬಂಡೆಯ ಮೇಲೆ ಸುಣ್ಣದ ಬೊಟ್ಟಿಟ್ಟು ಹೊಡೆದು ನೋಡಿದನು. ಒಂದು ಗುಂಡು ಎಡಕ್ಕೆ ಬಿತ್ತು. ಒಂದು ಮೇಲೆ ಹೋಯಿತು. ಇನ್ನೊಂದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಣ್ಣು ಮಂಜಾಯಿತೆಂದು ಕಣ್ಣಿಗೆ ಔಷಧಿ ಬಿಡಿಸಿಕೊಂಡನು. ಕೈ ನಡುಗುತ್ತದೆಂದು ಹೊಗೆಸೊಪ್ಪು ಬಿಟ್ಟನು. ದೇವರಿಗೆ ಮುಡಿಪು ಕಟ್ಟಿದನು. ಕೋವಿಯಲ್ಲಿ ಮಸಿ ಉಳಿದಿರಬೇಕೆಂದು ನೂರು ಸಲ ಎಳೆಯುವ ಸರಳನ್ನು ಇನ್ನೂರು ಸಲ ಎಳೆದನು. ಗುರಿ ಇನ್ನಷ್ಟು ಚೆದರಿತು. ಊರಿನವರು ಹೊಲಕ್ಕೆ ಕರೆಯಲು ಬಂದರೆ ಜ್ವರವೆಂದು ಹೇಳಿಸಿ ಒಳಗೇ ಕೂರುತ್ತಿದ್ದನು.

ಕೊನೆಗೆ ಅವನು ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಪೇಟೆಯ ಕೋವಿ ಕಮ್ಮಾರನ ಬಳಿಗೆ ಹೋದನು.

“ಇದನ್ನು ಮುರಿದು ಕುಡುಗೋಲು ಮಾಡಿಕೊಡು. ಇದನ್ನು ಹಿಡಿಯುವ ಯೋಗ್ಯತೆ ನನಗೆ ಹೋಯಿತು” ಎಂದನು.

ಕಮ್ಮಾರನು ಮುದುಕ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದನು. ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುವ ಒಳಗಿನ ಸುರುಳಿ ಗೆರೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಆಮೇಲೆ ಚಿಟಿಕೆ ಹತ್ತಿ ತೆಗೆದುಕೊಂಡು, ನಳಿಗೆಯ ಬಾಯಿಯ ಒಳ ಅಂಚಿಗೆ ಮೆಲ್ಲನೆ ಸುತ್ತ ಆಡಿಸಿದನು. ಒಂದು ಕಡೆಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅವನು ಈಡುಗಾರನ ಬೆರಳನ್ನು ಹಿಡಿದು ಅಲ್ಲಿಗೆ ಮುಟ್ಟಿಸಿದನು. ಅಂಚು ಅಲ್ಲಿ ಕೂದಲೆಳೆಯಷ್ಟು ಸವೆದು ಸೊಟ್ಟಗಾಗಿತ್ತು.

“ಸರಳನ್ನು ಯಾವ ಕಡೆಯಿಂದ ತೂರಿಸುತ್ತೀಯಪ್ಪ?”

“ಬಾಯಿಯಿಂದ. ದಿನಾ ತಪ್ಪದೆ.”

“ಅದೇ ಮತ್ತೆ. ಕಬ್ಬಿಣದ ಸರಳು ಇಪ್ಪತ್ತು ವರ್ಷ ಈ ಅಂಚನ್ನು ತಿಂದಿದೆ. ಗುಂಡನ್ನು ನಳಿಗೆ ಕಡೆಯದಾಗಿ ಮುಟ್ಟುವುದು ಇಲ್ಲಿಯೇ. ಸವೆದ ಕಡೆಯಿಂದ ಹೊಗೆ ಮೊದಲು ನುಗ್ಗಿ ಗುಂಡಿನ ಬುಡವನ್ನು ಪಕ್ಕಕ್ಕೆ ತಳ್ಳಿ ಅದರ ದಾರಿ ತಪ್ಪಿಸಿಬಿಡುತ್ತದೆ. ನಿನ್ನ ಕಣ್ಣೂ ಸರಿ ಇದೆ, ಕೈಯೂ ಸರಿ ಇದೆ. ಕೂತುಕೋ.”

ಈಡುಗಾರನು ಅಲ್ಲಿಯೇ ನೆಲದ ಮೇಲೆ ಕೂತನು.

ಕಮ್ಮಾರನು ಮೊದಲು ಸವೆದ ಅಂಚನ್ನು ಅಕ್ಕಿಯ ದಪ್ಪದಷ್ಟು ತೆಗೆದು, ಬಾಯಿಯನ್ನು ನಳಿಗೆಗೆ ನೇರವಾಗಿ ಸಮ ಮಾಡಿದನು. ಆಮೇಲೆ ಹಿಡಿಯಿದ್ದ ಹಿತ್ತಾಳೆಯ ಗೋಲಿಗೆ ಎಣ್ಣೆ ಬೆರೆಸಿದ ಸಾಣೆಪುಡಿ ಬಳಿದು, ಬಾಯಿಯ ಮೇಲಿಟ್ಟು ತಿರುಗಿಸತೊಡಗಿದನು. ಒಂದೇ ಕಡೆ ಭಾರ ಬೀಳದಂತೆ ಕೈಯನ್ನು ಆಗಾಗ ವಾಲಿಸಿದನು. ಅವಸರ ಮಾಡಲಿಲ್ಲ. ಎರಡು ಸಲ ಒರೆಸಿ ನೋಡಿ, ಎರಡು ಸಲವೂ ತಲೆಯಾಡಿಸಿ ಮತ್ತೆ ತಿರುಗಿಸಿದನು. ಮೂರನೆಯ ಸಲ ಬಾಯಿಯ ಒಳ ಅಂಚಿನಲ್ಲಿ ಸುತ್ತಲೂ ಒಂದೇ ಅಗಲದ ಸಣ್ಣ ಬಳೆಯೊಂದು ಮಿಂಚಿತು. ಹತ್ತಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

ಪೇಟೆಯಾಚೆಯ ದಿಬ್ಬದಲ್ಲಿ ಹಲಗೆಯೊಂದನ್ನು ನಿಲ್ಲಿಸಿ ಈಡುಗಾರನು ಮೂರು ಗುಂಡು ಹೊಡೆದನು. ಹೊಡೆದವನಿಗೆ ಹಲಗೆಯ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಕಮ್ಮಾರನೇ ಹೋಗಿ ಹಲಗೆಯನ್ನು ಹೊತ್ತು ತಂದನು. ಮೂರು ತೂತುಗಳೂ ಒಂದು ವೀಳ್ಯದೆಲೆಯ ಮರೆಯಲ್ಲಿ ಅಡಗುವಷ್ಟು ಒತ್ತಾಗಿದ್ದವು. ಈಡುಗಾರನು ಹಲಗೆಯನ್ನು ತಬ್ಬಿಕೊಂಡು, ಮುಖ ಮರೆಸಿಕೊಂಡು ಅತ್ತನು.

ಅವನು ತನ್ನ ಮನೆಗೆ ಹೋಗಲಿಲ್ಲ, ನೇರವಾಗಿ ನೆರೆಯವನ ಮನೆಗೆ ಹೋದನು. ಒರೆಸಿ ಒರೆಸಿ ತಾನೇ ಕೆಡಿಸಿದೆನೆಂದು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದನು. ನೆರೆಯವನು ಕೋಲೂರಿಕೊಂಡು ಎದ್ದು ನಿಂತು, ಆ ಹೊಳೆಯುವ ಅಂಚನ್ನು ಮುಟ್ಟಿ ನೋಡಿ ನಕ್ಕನು.

“ನಿನ್ನ ಕಣ್ಣು ಹೋಯಿತೇನೋ ಎಂದು ನನಗೆ ತೊಡೆಯ ನೋವಿಗಿಂತ ಅದೇ ಚಿಂತೆಯಾಗಿತ್ತು ಮಾರಾಯ. ನಾಳೆ ಹೊಲಕ್ಕೆ ಹೋಗೋಣ, ನೀನು ಮುಂದೆ ನಡೆ” ಎಂದನು.

ಆ ದಿನ ಈಡುಗಾರನು ಹೊಟ್ಟೆತುಂಬ ಉಂಡನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಎದೆಯ ಮೇಲಿನ ಕಲ್ಲು ಇಳಿಸಿದವನಂತೆ ಅವನು ಉಸಿರುಬಿಟ್ಟನು.

“ತಿಳಿಯಿತು ಬುದ್ಧಿ. ನಾನು ಪೂರ್ತಿ ಕೆಟ್ಟಿಲ್ಲ, ಎಲ್ಲೋ ಅಂಚಿನಲ್ಲಿ ಸ್ವಲ್ಪ ಕೊಳೆ ಉಳಿದಿದೆ ಅಷ್ಟೇ. ನಾಳೆಯಿಂದ ಜಪವನ್ನು ಇಮ್ಮಡಿ ಮಾಡುತ್ತೇನೆ” ಎಂದನು.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ಆ ಬಾಯಿ ಸವೆದದ್ದು ಕೊಳೆಯಿಂದಲ್ಲ ಮಗು, ಒರೆಸಿದ್ದರಿಂದ.”

ಶಿಷ್ಯನು ಎದ್ದು, ತಂಬಿಗೆಯಲ್ಲಿ ನೀರು ತುಂಬಿಕೊಂಡು, ಆ ಹೆಂಗಸು ಇಳಿದು ಹೋದ ದಾರಿ ಹಿಡಿದನು.